ಕೀಲುಗಳ ಸುಳಿವು ಎಲ್ಲಿದೆ?

ಮಕ್ಕಳೇ, ಮೊಣಕಾಲು ನೋವು ಎನ್ನುವ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ಎಲ್ಲರ ನೋವಿಗೂ ಕಾರಣ ಒಂದೇ ಅಲ್ಲ. ಕಾರಣವನ್ನು ತಿಳಿಯುವುದು ಹೇಗೆ?

ಕೀಲಿನಲ್ಲಿ ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಮೂಳೆಗೆ ಮೂಳೆ ಉಜ್ಜದಂತೆ ಅದು ತಡೆಯುತ್ತದೆ. ವಯಸ್ಸು, ಅತಿಯಾದ ತೂಕ, ಹಳೆಯ ಪೆಟ್ಟು ಇವುಗಳಿಂದ ಅದು ಸವೆಯಬಹುದು. ಈ ರೋಗವೇ ಆಸ್ಟಿಯೋಆರ್ಥ್ರೈಟಿಸ್. ಮೃದ್ವಸ್ಥಿ ಸವೆದಾಗ ಅದರಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನ ಚೂರುಗಳು ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೊರಬರುತ್ತವೆ. ಹೀಗೆ ದೇಹದೊಳಗಿನ ಸ್ಥಿತಿಯನ್ನು ಸೂಚಿಸುವ, ಅಳೆಯಬಹುದಾದ ಗುರುತುಗಳಿಗೆ ಜೈವಿಕ ಸೂಚಕಗಳು ಎನ್ನುತ್ತಾರೆ. ಎಕ್ಸ್-ರೇಯಲ್ಲಿ ಸವೆತ ಕಾಣುವ ಮೊದಲೇ ಸುಳಿವು ಕೊಡುವ ಸೂಚಕಗಳಿಗಾಗಿ ವಿಜ್ಞಾನಿಗಳು ಸಂಶೋಧನೆ ನಡೆಸುತ್ತಿದ್ದಾರೆ.

ನಮ್ಮ ಜಿಲ್ಲೆಯಲ್ಲಿ ಕೀಲು ನೋವಿಗೆ ಇನ್ನೊಂದು ಕಾರಣವೂ ಇದೆ. ಅದೇ ಫ್ಲೋರೈಡ್. ಕುಷ್ಟಗಿ, ಯಲಬುರ್ಗಾ ಭಾಗದ ಹಲವು ಕೊಳವೆಬಾವಿಗಳ ನೀರಿನಲ್ಲಿ ಇದು ಹೆಚ್ಚಾಗಿದೆ. ನೆಲದಡಿಯ ಗ್ರಾನೈಟ್‌ನಂಥ ಶಿಲೆಗಳಿಂದ ಅದು ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆಗಳಲ್ಲಿ ಸಂಗ್ರಹವಾಗುತ್ತದೆ. ಪ್ರಮಾಣ ಬಹಳ ಹೆಚ್ಚಿದ್ದರೆ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಇದೇ ಫ್ಲೋರೋಸಿಸ್. ಭಾರತದಲ್ಲಿ ಇದನ್ನು 1937ರಲ್ಲಿ ನೆಲ್ಲೂರು ಜಿಲ್ಲೆಯಲ್ಲಿ ಮೊದಲು ಗುರುತಿಸಲಾಯಿತು.

ಇದಕ್ಕೂ ಸೂಚಕವಿದೆ. ದೇಹ ಸೇರಿದ ಫ್ಲೋರೈಡಿನ ಒಂದು ಭಾಗ ಮೂತ್ರದಲ್ಲಿ ಹೊರಬರುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಅಳೆಯಬಹುದು. ಕಣ್ಣಿಗೆ ಕಾಣುವ ಗುರುತು ಹಲ್ಲಿನಲ್ಲಿದೆ. ಸುಮಾರು ಎಂಟು ವರ್ಷದೊಳಗೆ, ಹಲ್ಲಿನ ಎನಾಮಲ್ ರೂಪುಗೊಳ್ಳುವಾಗ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆಗಳು ಮೂಡುತ್ತವೆ. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ. ಹಾಗಾಗಿ ಕಲೆಯಿರುವ ಗೆಳೆಯರನ್ನು ಎಂದೂ ಹಂಗಿಸಬೇಡಿ. ಅದು ಕೊಳಕಲ್ಲ, ಅಂಟುರೋಗವೂ ಅಲ್ಲ. ಅವರು ಕುಡಿದ ನೀರಿನ ಗುರುತು, ಅಷ್ಟೆ.

ಮೂಳೆಗೆ ಆದ ಹಾನಿಯನ್ನು ಔಷಧಿಯಿಂದ ಪೂರ್ತಿ ಸರಿಪಡಿಸಲು ಆಗದು. ತಡೆಯುವುದೇ ದಾರಿ. ಮುನಿರಾಬಾದಿನ ಜಲಾಶಯದಲ್ಲಿರುವ ತುಂಗಭದ್ರೆಯಂಥ ನದಿನೀರಿನಲ್ಲಿ ಮತ್ತು ಮಳೆನೀರಿನಲ್ಲಿ ಫ್ಲೋರೈಡ್ ಕಡಿಮೆ. ಕುಡಿಯಲು, ಅಡುಗೆಗೆ ಶುದ್ಧೀಕರಿಸಿದ ಇಂಥ ನೀರನ್ನೇ ಬಳಸಬೇಕು. ಹಾಲು, ರಾಗಿ, ನೆಲ್ಲಿಕಾಯಿಯಂಥ ಆಹಾರವೂ ಸಹಾಯಕ.

ಮಾಡಿ ನೋಡಿ: ನಿಮ್ಮೂರಿನ ನೀರಿನ ಮೂಲಗಳ ನಕ್ಷೆ ಬರೆಯಿರಿ. ಯಾವುದರ ಫ್ಲೋರೈಡ್ ಪರೀಕ್ಷೆ ಆಗಿದೆ? ಶಿಕ್ಷಕರೊಂದಿಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಪ್ರಮಾಣವನ್ನು ನಕ್ಷೆಯಲ್ಲಿ ಗುರುತಿಸಿ.

ಯೋಚಿಸಿ: ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ? ಉಪ್ಪುನೀರನ್ನು ಕುದಿಸಿದಾಗ ಏನಾಗುತ್ತದೆ ಎಂಬುದನ್ನು ನೆನಪಿಸಿಕೊಂಡು ಉತ್ತರಿಸಿ.