ಬೇಲಿ ಕಿತ್ತು ಗೋಡೆ ಕಟ್ಟುವ ಮೊದಲು

ನಮ್ಮ ಕಾಗವಾಡದ ಕಡೆ ಹಳೆಯ ಮನೆಗಳ ಹಿತ್ತಲಿಗೆ ಕಳ್ಳಿ, ಜಾಲಿ, ಮೆಹಂದಿ ಗಿಡದ ಬೇಲಿಯೇ ಗಡಿ. ಅದರ ಆಚೆ ಈಚೆ ಉಪ್ಪು, ಉಳ್ಳಾಗಡ್ಡಿ ಕೊಟ್ಟು ತಕ್ಕೊಂಡು ಬದುಕಿದವರಿಗೆ ಗಡಿ ಯಾವ ಇಂಚಿನಲ್ಲಿದೆ ಎಂಬ ಪ್ರಶ್ನೆ ಏಳುವುದಿಲ್ಲ. ಬೇಲಿ ಕಿತ್ತು ಗೋಡೆ ಕಟ್ಟಲು ಹೊರಟ ದಿನ ಏಳುತ್ತದೆ. ನಮ್ಮ ಹಿತ್ತಲಿಗೆ ಕಂಪೌಂಡ್ ಕಟ್ಟಿಸಬೇಕು ಎಂದಾಗ ಕೇಳಿದವರೆಲ್ಲ ಎತ್ತರದ ಬಗ್ಗೆಯೇ ಕೇಳಿದರು: ಐದು ಫೂಟೋ, ಆರೋ? ಕಟ್ಟಿಸಿದ ಮೇಲೆ ನನಗೆ ಅನ್ನಿಸಿದ್ದೆಂದರೆ, ಎತ್ತರ ಕೊನೆಗೆ ಬರುವ ಮಾತು. ಮೊದಲು ತಿಳಿಯಬೇಕಾದದ್ದು ಗೆರೆ. ಅದರ ಬೆನ್ನಿಗೇ, ಆ ಗೆರೆಯ ಮೇಲೆ ಪಕ್ಕದ ಮನೆಯವರಿಗೆ ಇರುವ ಹಕ್ಕು.

ಗಿಡದ ಬೇಲಿ ನಿಂತಲ್ಲಿ ನಿಲ್ಲುವುದಿಲ್ಲ. ಒಂದು ಬದಿಯವರು ವರ್ಷಾ ಸವರುತ್ತಾರೆ, ಇನ್ನೊಂದು ಬದಿಯವರು ಬಿಡುತ್ತಾರೆ. ಸವರಿದ ಕಡೆಯಿಂದ ಬಿಟ್ಟ ಕಡೆಗೆ ಅದು ಮೆಲ್ಲಗೆ ಸರಿಯುತ್ತದೆ. ಗೌಂಡಿ ಬಂದವನೇ, “ಬೇಲಿ ಬುಡಕ್ಕ ದಾರ ಹಿಡಿಯೂಣ್ರಿ, ಸುಮ್ನ ಯಾಕ ಅಳತಿ” ಅಂದ. ಅಳೆಯದೆ ದಾರ ಹಿಡಿಯುವುದು ಬೇಡ ಎಂದು ನಾನು ಹಟ ಹಿಡಿದೆ.

ಹೊಲವಾಗಿದ್ದರೆ ದಾರಿ ಸರಳ. ಉತಾರ ಇರುತ್ತದೆ, ಸರ್ವೆ ನಕಾಶೆ ಇರುತ್ತದೆ. ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಸರ್ವೆಯವರು ಅಕ್ಕಪಕ್ಕದವರಿಗೆ ನೋಟಿಸು ಕಳಿಸಿ, ಅಳೆದು ಗಡಿ ಗುರುತಿಸಿ ಕೊಡುತ್ತಾರೆ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆ ಕಾಲದ 33 ಫೂಟಿನ ಸರಪಳಿಯ ಲೆಕ್ಕ ಇಂದಿಗೂ ನಮ್ಮ ಗುಂಟೆಯೊಳಗಿದೆ. 33 ಫೂಟು ಉದ್ದ, 33 ಫೂಟು ಅಗಲ, ಅಂದರೆ 1,089 ಚದರ ಫೂಟು. ಅಂಥ 40 ಗುಂಟೆಗೆ ಒಂದು ಎಕರೆ. ಆದರೆ ಊರೊಳಗಿನ ಗಾವಠಾಣದಲ್ಲಿ ಮನೆಮನೆಗೂ ಬೇರೆ ಬೇರೆ ಸರ್ವೆ ನಂಬರು ಇರುವುದಿಲ್ಲ. ಅಲ್ಲಿ ಆಧಾರವೆಂದರೆ ಖರೀದಿ ಪತ್ರ, ಪಂಚಾಯ್ತಿಯ ಆಸ್ತಿ ದಾಖಲೆ, ಸಿಟಿ ಸರ್ವೆ ಆದ ಕಡೆ ಅದರ ಕಾರ್ಡು. ಗ್ರಾಮ ಪಂಚಾಯ್ತಿಯ ಇ-ಸ್ವತ್ತಿನ ನಮೂನೆಗಳಲ್ಲಿ ಅಳತೆಯೂ ಇರುತ್ತದೆ, ಚಕ್ಕುಬಂದಿಯೂ ಇರುತ್ತದೆ. ಗಾವಠಾಣಕ್ಕೆ ನಕಾಶೆ ಇಲ್ಲದ ಕೊರತೆ ತುಂಬಲೆಂದೇ 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಸ್ವಾಮಿತ್ವ ಯೋಜನೆ ಶುರುಮಾಡಿತು. ಅದರಲ್ಲಿ ಡ್ರೋನ್ ಹಾರಿಸಿ ಅಳೆಯುವ ಮೊದಲು ಮನೆ ಮನೆಯ ಗಡಿಗೆ ಸುಣ್ಣದ ಗೆರೆ ಹಾಕುತ್ತಾರೆ. ಆ ಹೊತ್ತಿಗೆ ಮಾಲೀಕರು ಮನೆಯಲ್ಲಿ ಇರಲೇಬೇಕು. ಸುಣ್ಣ ಬಿದ್ದ ಗೆರೆಯೇ ನಕಾಶೆಗೆ ಏರುತ್ತದೆ.

ಪತ್ರದಲ್ಲಿದ್ದ ಫೂಟಿಗೂ ನೆಲದ ಮೇಲಿನ ಫೂಟಿಗೂ ನಮ್ಮಲ್ಲಿ ತಾಳೆಯಾಗಲಿಲ್ಲ. ವಕೀಲರು ಒಂದು ಮಾತು ಬಿಡಿಸಿ ಹೇಳಿದರು: ಅಳತೆಗೂ ಚಕ್ಕುಬಂದಿಗೂ ಭಿನ್ನ ಬಂದರೆ ಕೋರ್ಟು ಸಾಮಾನ್ಯವಾಗಿ ಚಕ್ಕುಬಂದಿಗೇ ಬೆಲೆ ಕೊಡುತ್ತದೆ. ಆದ್ದರಿಂದ ನನ್ನ ಪತ್ರದಷ್ಟೇ ಪಕ್ಕದವರ ಪತ್ರವೂ ಮುಖ್ಯ. ನನ್ನ ಪತ್ರ ಹಿಡಿದುಕೊಂಡು ಪಕ್ಕದ ಕಾಕಾನ ಮನೆಗೆ ಹೋದೆ. ನಮಗೆ ಅವರು ರಕ್ತಸಂಬಂಧಿಯಲ್ಲ, ಆದರೆ ಹುಟ್ಟಿದಾಗಿನಿಂದ ಕಾಕಾನೇ.

ಪತ್ರ ಓದಿ ಮುಗಿಸಿ ಕಾಕಾ ಕೇಳಿದ್ದು ಗಡಿಯ ಬಗ್ಗೆ ಅಲ್ಲ. “ಎಲ್ಲಾ ಖರೆ ತಮ್ಮಾ, ನಮ್ಮ ಮೇವಿನ ಗಾಡಿ ಎಲ್ಲಿಂದ ಬರಬೇಕು?”

ನಮ್ಮ ಹಿತ್ತಲ ಮೂಲೆ ಹಾದು ಅವರ ದನದ ಕೊಟ್ಟಿಗೆಗೆ ಗಾಡಿ ಹೋಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ 20 ವರ್ಷ ಬಹಿರಂಗವಾಗಿ, ಶಾಂತಿಯಿಂದ, ತಡೆಯಿಲ್ಲದೆ, ತನ್ನ ಹಕ್ಕೆಂದು ಬಳಸಿದ ದಾರಿ ಹಕ್ಕೇ ಆಗುತ್ತದೆ. ಬೆಳಕು ಗಾಳಿಗೂ ಅಂಥದೇ ನಿಯಮ. ಒಪ್ಪಿಗೆ ಕೇಳಿ ಬಳಸಿದ್ದರೆ ಆ ಮಾತು ಬೇರೆ. ಸಲಿಗೆಯಿಂದ ಬಿಟ್ಟ ದಾರಿ ಎಷ್ಟು ವರ್ಷ ಕಳೆದರೂ ಹಕ್ಕಾಗದು. ಜಾಗದ ಒತ್ತುವರಿಯೂ ಹಾಗೆಯೇ: 12 ವರ್ಷ ಎದುರಾಗಿ ಅನುಭವಿಸಿದರೆ ಮಾಲೀಕನ ದಾವೆಯ ಅವಧಿ ಮುಗಿಯುತ್ತದೆ, ಅನುಮತಿಯಿಂದ ಇದ್ದವನಿಗೆ ಆ ಲಾಭವಿಲ್ಲ. ನಮ್ಮ ಅಜ್ಜ ಒಪ್ಪಿಗೆ ಕೊಟ್ಟಿದ್ದನೋ, ಕಾಕಾನ ಅಪ್ಪ ಹಕ್ಕೆಂದೇ ನಡೆದನೋ, ಹೇಳಲು ಇಬ್ಬರೂ ಇಲ್ಲ. ಇಂಥ ಪ್ರಶ್ನೆಗೆ ಕೋರ್ಟಿನಲ್ಲಿ ಉತ್ತರ ಹುಡುಕುವಷ್ಟರಲ್ಲಿ ಎರಡು ಮನೆಯ ಮಕ್ಕಳು ಒಬ್ಬರ ಮುಖ ಒಬ್ಬರು ನೋಡದಂತಾಗುತ್ತದೆ. ಗಾಡಿ ಹೋಗುವಷ್ಟು ಅಗಲದ ಗೇಟನ್ನು ಅಲ್ಲಿ ಇಟ್ಟೆವು. ಕಾನೂನಿಗೆ ಹೆದರಿ ಇಟ್ಟದ್ದಲ್ಲ. ದನಗಳಿಗೆ ಮೇವು ಹೋಗಬೇಕು, ಅಷ್ಟೇ.

ಮಾತಾದದ್ದನ್ನು ಸ್ಟ್ಯಾಂಪ್ ಪೇಪರಿನ ಮೇಲೆ ಬರೆಸಿ ಇಬ್ಬರೂ ಸಹಿ ಹಾಕಿದೆವು. ಇಲ್ಲೊಂದು ಸೂಕ್ಷ್ಮ ಇದೆ. ಗಡಿ ಎಲ್ಲಿದೆ ಎಂದು ಒಪ್ಪಿ ಬರೆಯುವುದು ಬೇರೆ, ಗೋಡೆ ನೇರ ಮಾಡಲು ಒಂದು ಪಟ್ಟಿ ಜಾಗ ಬಿಟ್ಟುಕೊಡುವುದು ಬೇರೆ. ಎರಡನೆಯದಕ್ಕೆ 1908ರ ನೋಂದಣಿ ಕಾಯ್ದೆಯಂತೆ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಬೇಕು. ಮಹಾರಾಷ್ಟ್ರದ ಮಿರಜದ ಬೀಗರು “ನಮ್ಮಲ್ಲಿ ಹಿಂಗ ನಡೀತದ” ಎಂದು ಹೇಳಿದ್ದರಲ್ಲಿ ಈ ಭಾಗ ಇಲ್ಲಿಗೂ ಸರಿ, ಈಸ್‌ಮೆಂಟೂ ಸರಿ. ಅವು ಕೇಂದ್ರದ ಕಾಯ್ದೆಗಳು. ಪಂಚಾಯ್ತಿ ಪರವಾನಗಿಯ ವಿಷಯದಲ್ಲಿ ಮಾತ್ರ ಮಹಾರಾಷ್ಟ್ರದ ಸಲಹೆ ಕೇಳಬಾರದು. ನಮ್ಮಲ್ಲಿ ಗ್ರಾಮ ಪಂಚಾಯ್ತಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮು, ಪಟ್ಟಣ ಪಂಚಾಯ್ತಿ ಪುರಸಭೆಗಳಿಗೆ 1964ರ ಮುನ್ಸಿಪಾಲಿಟಿ ಕಾಯ್ದೆ. ಈ ಎರಡನೆಯದರಲ್ಲಿ ಕಟ್ಟಡ ಅಂದರೆ ಗೋಡೆ, ಕಟ್ಟೆ, ಬಾಗಿಲ ಮುಂದಿನ ಮೆಟ್ಟಿಲು ಎಲ್ಲವೂ ಸೇರುತ್ತದೆ. ಎತ್ತರದ ಮಿತಿಯನ್ನು ಆಯಾ ಕಚೇರಿಯಲ್ಲೇ ಕೇಳಿ ಬರೆಸಿಕೊಂಡರೆ ಸಾಕು.

ಇನ್ನು ಪಾಯಾ. ಯಾರೂ ಹೇಳದ, ಮುಚ್ಚಿದ ಮೇಲೆ ಯಾರಿಗೂ ಕಾಣದ ಜಾಗ ಅದು. ನಮ್ಮದು ಎರೆಮಣ್ಣು, ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದಕ್ಕೆ ಪಾಯಾ ಆಳಕ್ಕೆ ಇಳಿಯಬೇಕು, ತಳ ಅಗಲ ಇರಬೇಕು. ಒಂಬತ್ತಿಂಚಿನ ಗೋಡೆಯನ್ನು ಗೆರೆಗೆ ಹೊಂದಿಸಿ ಎಬ್ಬಿಸಿದರೆ ಅದರ ಪಾಯಾದ ಒಂದು ಭಾಗ ಪಕ್ಕದವರ ನೆಲದೊಳಗೆ ಹೋಗಿರುತ್ತದೆ. ಮುಂದೆ ಅವರು ಮನೆ ಕಟ್ಟಲು ಅಗೆದಾಗ ಕಲ್ಲು ಸಿಗುತ್ತದೆ, ಜಗಳವೂ ಸಿಗುತ್ತದೆ. ಪಾಯಾ ಪೂರ್ತಿ ನಮ್ಮ ಕಡೆಯೇ ಬರುವಂತೆ ಗೋಡೆಯನ್ನು ಒಳಗೆ ಸರಿಸಿದೆವು. ಗೋಡೆಯ ತಲೆಯ ಇಳಿಜಾರೂ ನಮ್ಮ ಕಡೆಗೇ. ಮುಂದಿನ ಗೇಟು ಒಳಗೆ ತೆರೆಯುತ್ತದೆ, ಗಟಾರದ ಮೇಲೆ ಕಟ್ಟೆ ಹಾಕಿಸಲಿಲ್ಲ.

ನೀರಿನ ಮಾತನ್ನು ಕೃಷ್ಣೆಯ ದಂಡೆಯವರು ಹೆಚ್ಚು ಬಲ್ಲರು. 2019ರ ಆಗಸ್ಟಿನ ಮಹಾಪೂರದಲ್ಲಿ ಜುಗುಳದಂಥ ಊರುಗಳು ನೀರಿನೊಳಗಿದ್ದವು. ಕಿಂಡಿಯಿಲ್ಲದ ಗೋಡೆ ಒಂದು ಬದಿಗೆ ನೀರು ತಡೆದು, ಆ ಭಾರಕ್ಕೆ ತಾನೇ ಮಲಗುತ್ತದೆ. ಪೂರ ಬರದ ಊರಲ್ಲೂ ಮೇಲಿನ ಜಾಗದ ಮಳೆನೀರು ಸಹಜವಾಗಿ ಕೆಳಗಿನ ಜಾಗಕ್ಕೆ ಹರಿಯುವುದು ಹಕ್ಕು ಎಂದು ಅದೇ 1882ರ ಕಾಯ್ದೆ ಹೇಳುತ್ತದೆ. ಕಾಕಾನ ಹಿತ್ತಲು ಮೇಲೆ, ನಮ್ಮದು ಕೆಳಗೆ. ಗೋಡೆಯ ಬುಡದಲ್ಲಿ ಸಾಲಾಗಿ ಕಿಂಡಿ ಬಿಡಿಸಿದ್ದೇವೆ. ಮಳೆಗಾಲಕ್ಕೆ ಮೊದಲು ಅವುಗಳ ಬಾಯಿಯ ಕಸ ತೆಗೆಯುವುದು ಎರಡೂ ಮನೆಯವರ ಕೆಲಸ ಎಂದು ಆ ಸ್ಟ್ಯಾಂಪ್ ಪೇಪರಿನಲ್ಲೇ ಬರೆಸಿದ್ದೇವೆ.