ಸುರಂಗದ ಸೆಕೆ ಮತ್ತು ಟೋಕಿಯೋದ 6000

ಡಿಸಿ ಮೆಷಿನ್ಸ್ ಲ್ಯಾಬಿನಲ್ಲಿ ತ್ರೀ ಪಾಯಿಂಟ್ ಸ್ಟಾರ್ಟರಿನ ಹಿಡಿಯನ್ನು ನಿಧಾನಕ್ಕೆ ಎಳೀತೀವಲ್ಲ, ಯಾಕೆ ಅಂತ ವೈವಾದಲ್ಲಿ ಕೇಳಿದ್ರೆ ನಾವೆಲ್ಲ ಬಾಯಿಪಾಠ ಒಪ್ಪಿಸ್ತೀವಿ: ನಿಂತಿರೋ ಮೋಟರಿನಲ್ಲಿ ಬ್ಯಾಕ್ ಇಎಂಎಫ್ ಸೊನ್ನೆ, ಪೂರ್ತಿ ವೋಲ್ಟೇಜ್ ಒಮ್ಮೆಲೇ ಕೊಟ್ರೆ ಕರೆಂಟ್ ವಿಪರೀತ ಹರಿಯುತ್ತೆ, ಅದನ್ನು ತಡೆಯೋಕೆ ರೆಸಿಸ್ಟೆನ್ಸ್. ಸರಿ. ಆದರೆ ಆ ರೆಸಿಸ್ಟೆನ್ಸ್ ನುಂಗಿದ ಶಕ್ತಿ ಎಲ್ಲಿ ಹೋಯ್ತು? ಬಿಸಿಯಾಗಿ ಲ್ಯಾಬಿನ ಗಾಳಿಗೆ ಸೇರಿತು. ಫ್ಯಾನ್ ತಿರುಗ್ತಿರುತ್ತೆ, ಕಿಟಕಿ ತೆಗೆದಿರುತ್ತೆ, ಯಾರಿಗೂ ಗೊತ್ತಾಗಲ್ಲ. ಅದೇ ಕೆಲಸವನ್ನು ನೆಲದಡಿಯ ಸುರಂಗದೊಳಗೆ ಹತ್ತು ಬೋಗಿಯ ರೈಲುಗಳು ಬೆಳಗಿನಿಂದ ರಾತ್ರಿವರೆಗೂ ಮಾಡ್ತಾ ಇದ್ದರೆ?

1960ರ ದಶಕದಲ್ಲಿ ಟೋಕಿಯೋದ ಸಬ್‌ವೇ ನಡೆಸುತ್ತಿದ್ದ ಎಯ್‌ದಾನ್ ಸಂಸ್ಥೆಯ ಎಂಜಿನಿಯರುಗಳ ಮುಂದಿದ್ದ ಪ್ರಶ್ನೆ ಇದೇ. (ಇದೇ ಸಂಸ್ಥೆ 2004ರಲ್ಲಿ ಟೋಕಿಯೋ ಮೆಟ್ರೋ ಆಯಿತು.) ರೆಸಿಸ್ಟೆನ್ಸ್ ಕಂಟ್ರೋಲ್ ಇರೋ ರೈಲಿನ ಲೆಕ್ಕ ನಾವೇ ಹಾಕಬಹುದು. ಕರೆಂಟನ್ನು ಸ್ಥಿರವಾಗಿ ಹಿಡಿದು ವೇಗ ಏರಿಸಿದರೆ ಬ್ಯಾಕ್ ಇಎಂಎಫ್ ಸೊನ್ನೆಯಿಂದ ಲೈನ್ ವೋಲ್ಟೇಜಿನವರೆಗೆ ನೇರ ಗೆರೆಯಲ್ಲಿ ಏರುತ್ತೆ. ಗ್ರಾಫ್ ಬರೆದು ನೋಡಿ, ಗೆರೆಯ ಮೇಲಿನ ತ್ರಿಕೋನ ಪೂರ್ತಿ ರೆಸಿಸ್ಟರಿನ ಪಾಲು. ಅಂದ್ರೆ ಅಲ್ಲಿಯವರೆಗೆ ಎಳೆದ ಶಕ್ತಿಯಲ್ಲಿ ಅರ್ಧ ಬರೀ ಬಿಸಿ. ಮೋಟರುಗಳನ್ನು ಮೊದಲು ಸೀರೀಸ್, ಆಮೇಲೆ ಪ್ಯಾರಲಲ್ ಜೋಡಿಸಿದರೆ ನಷ್ಟ ಕಮ್ಮಿ ಆಗುತ್ತೆ, ಇಲ್ಲವಾಗಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಬ್ರೇಕ್ ಹಾಕಿದಾಗ ಅಷ್ಟು ಕಷ್ಟಪಟ್ಟು ಗಳಿಸಿದ ಚಲನ ಶಕ್ತಿಯೂ ಬಿಸಿಯಾಗೇ ಹೋಗುತ್ತೆ. ಬಯಲಿನಲ್ಲಿ ಓಡೋ ರೈಲಿಗೆ ಇದು ಕರೆಂಟ್ ಬಿಲ್ಲಿನ ವಿಷಯ ಅಷ್ಟೇ. ಸುರಂಗದಲ್ಲಿ ಹಾಗಲ್ಲ, ಬಿಸಿ ಒಳಗೇ ಉಳಿದುಬಿಡುತ್ತೆ.

ಹೊಸದಾಗಿ ಕಟ್ಟುತ್ತಿದ್ದ ಚಿಯೋದಾ ಲೈನಿಗೆ ಅಂತ ಅವರು ಮಾಡಿದ ರೈಲು 6000 ಸೀರೀಸ್. ಮೂರು ಬೋಗಿಯ ಮೊದಲ ಪ್ರಯೋಗದ ರೈಲು 1968ರಲ್ಲಿ ಬಂತು. ಆಗ ಚಿಯೋದಾ ಲೈನೇ ಇರಲಿಲ್ಲ! ಅದಕ್ಕೇ ತೋಜಾಯ್ ಲೈನಿನ ಮೇಲೆ ಓಡಿಸಿ ನೋಡಿದರು. 1969ರಲ್ಲಿ ಆರು ಬೋಗಿಯ ಎರಡನೇ ಪ್ರಯೋಗ. ಅದೇ ವರ್ಷ ಡಿಸೆಂಬರ್ 20ರಂದು ಕಿತಾ-ಸೆಂಜು ಮತ್ತು ಓತೆಮಾಚಿ ನಡುವೆ ಲೈನ್ ಶುರುವಾದಾಗ ಓಡಿದ್ದು ಹಳೇ ಮಾದರಿಯ 5000 ಸೀರೀಸ್. ಉದ್ಘಾಟನೆಗೆ ಹೊಸ ರೈಲು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳೋ ಆಸೆ ಯಾರಿಗಿರಲ್ಲ ಹೇಳಿ? ಆದರೂ ಕಾದರು. ದೊಡ್ಡ ಪ್ರಮಾಣದಲ್ಲಿ ತಯಾರಾದ 6000 ಓಡಿದ್ದು 1971ರಲ್ಲಿ. ನಮಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಇಷ್ಟು ಕಾದಿದ್ದು ಚಾಪರ್ ಅನ್ನೋ ವಸ್ತುವಿಗಾಗಿ. ರೆಸಿಸ್ಟರ್ ಇಟ್ಟು ವೋಲ್ಟೇಜನ್ನು ತಿನ್ನಿಸೋ ಬದಲು ಸ್ವಿಚ್ಚನ್ನು ಒಂದು ಸೆಕೆಂಡಿಗೆ ನೂರಾರು ಸಲ ಆನ್, ಆಫ್ ಮಾಡ್ತಾ ಇರೋದು. ಲೈನ್ 1500 ವೋಲ್ಟ್ ಇದ್ದು, ಐದರಲ್ಲಿ ಒಂದು ಭಾಗದ ಸಮಯ ಮಾತ್ರ ಆನ್ ಇದ್ದರೆ ಮೋಟರಿಗೆ ಸಿಗೋದು ಸರಾಸರಿ 300 ವೋಲ್ಟ್. ಸ್ವಿಚ್ ಆನ್ ಇದ್ದಾಗ ಅದರ ಮೇಲೆ ವೋಲ್ಟೇಜ್ ಇಲ್ಲ, ಆಫ್ ಇದ್ದಾಗ ಕರೆಂಟ್ ಇಲ್ಲ, ಹಾಗಾಗಿ ನಷ್ಟ ಬಹಳ ಕಮ್ಮಿ. ಇವತ್ತು ಇದನ್ನು ಆರ್ಡುಯಿನೋ ಮೇಲೆ ಪಿಡಬ್ಲ್ಯುಎಂ ಅಂತ ಹತ್ತು ನಿಮಿಷದಲ್ಲಿ ಮಾಡಿಬಿಡ್ತೀವಿ. ಅವರ ಕೈಯಲ್ಲಿದ್ದದ್ದು ಥೈರಿಸ್ಟರ್. ಅದರ ಮೊಂಡುತನ ಮುಂದಿನ ವರ್ಷ ಪವರ್ ಎಲೆಕ್ಟ್ರಾನಿಕ್ಸ್‌ನಲ್ಲಿ ನಮ್ಮ ಪಾಲಿಗೂ ಬರುತ್ತೆ: ಗೇಟಿಗೆ ಪಲ್ಸ್ ಕೊಟ್ಟರೆ ಆನ್ ಆಗುತ್ತೆ, ಆದರೆ ಕರೆಂಟ್ ಸೊನ್ನೆ ಆಗೋವರೆಗೂ ಆಫ್ ಆಗಲ್ಲ. ಎಸಿಯಲ್ಲಿ ಕರೆಂಟ್ ತಾನಾಗೇ ಸೊನ್ನೆ ಮುಟ್ಟುತ್ತೆ, ಡಿಸಿಯಲ್ಲಿ ಅದು ಸೊನ್ನೆಗೆ ಬರೋದೇ ಇಲ್ಲ. ಹಾಗಾಗಿ ಪ್ರತಿ ಸಲವೂ ಕೆಪಾಸಿಟರ್, ರಿಯಾಕ್ಟರ್ ಸೇರಿಸಿದ ಇನ್ನೊಂದು ಸರ್ಕ್ಯೂಟಿನಿಂದ ಕರೆಂಟನ್ನು ಬಲವಂತವಾಗಿ ಸೊನ್ನೆ ಮಾಡಬೇಕು. ಒಂದು ಸಲ ತಪ್ಪಿದರೂ ಪೂರ್ತಿ ವೋಲ್ಟೇಜ್ ನೇರ ಮೋಟರಿಗೆ. ಜನ ತುಂಬಿದ ರೈಲಿನ ಅಡಿಯಲ್ಲಿ ಇದು ವರ್ಷಗಟ್ಟಲೆ ನಡೀಬೇಕಿತ್ತು. ಮೂರು ವರ್ಷದ ಪ್ರಯೋಗ ಯಾಕೆ ಬೇಕಾಯ್ತು ಅಂತ ಈಗ ಅರ್ಥವಾಗುತ್ತೆ, ಅಲ್ವಾ?

ಇನ್ನೊಂದು ಲಾಭ ಬ್ರೇಕಿನಲ್ಲಿ. ಬ್ರೇಕ್ ಹಾಕುವಾಗ ಮೋಟರನ್ನೇ ಜನರೇಟರ್ ಮಾಡಿ, ಅದರ ವೋಲ್ಟೇಜನ್ನು ಚಾಪರಿನಿಂದಲೇ ಏರಿಸಿ ಲೈನಿಗೆ ವಾಪಸ್ ಕಳಿಸಬಹುದು. ಹತ್ತಿರದಲ್ಲಿ ವೇಗ ಏರಿಸ್ತಿರೋ ಇನ್ನೊಂದು ರೈಲು ಅದನ್ನು ಬಳಸಿಕೊಳ್ಳುತ್ತೆ. ಬಳಸೋರು ಯಾರೂ ಇಲ್ಲದಿದ್ದರೆ ಮಾಮೂಲಿ ಗಾಳಿ ಬ್ರೇಕೇ ಗತಿ. ರೈಲುಗಳು ಒತ್ತೊತ್ತಾಗಿ ಓಡೋ ಸಬ್‌ವೇಗೆ ಹೇಳಿ ಮಾಡಿಸಿದ ಹಾಗಿತ್ತು ಇದು.

ಚಾಪರ್ ಇದ್ದಾಕ್ಷಣ ಸೆಕೆ ಮುಗೀತು ಅಂತಲ್ಲ. 1971ರ ಏಪ್ರಿಲ್‌ನಿಂದ ಸರ್ಕಾರಿ ರೈಲ್ವೆಯ ಜೋಬಾನ್ ಲೈನಿನ ರೈಲುಗಳೂ ಇದೇ ಸುರಂಗಕ್ಕೆ ಬರ್ತಿದ್ದವು. ಅವು 103-1000 ಅನ್ನೋ ರೆಸಿಸ್ಟೆನ್ಸ್ ಕಂಟ್ರೋಲ್ ರೈಲುಗಳು. ಒಬ್ಬರು ಬಿಸಿ ಕಮ್ಮಿ ಮಾಡೋಕೆ ವರ್ಷಗಟ್ಟಲೆ ಒದ್ದಾಡ್ತಾರೆ, ಪಕ್ಕದವರು ಅದೇ ಸುರಂಗದೊಳಗೆ ಒಲೆ ಹೊತ್ತುಕೊಂಡು ಬರ್ತಾರೆ! ಅವರೂ ಚಾಪರ್ ಇರೋ 203 ಸೀರೀಸ್‌ಗೆ ಬದಲಾಗಿದ್ದು 1982ರಿಂದ. ಇತ್ತ 6000ದಲ್ಲಿ ಮೊದಲು ಎಸಿ ಇರಲಿಲ್ಲ. ಬೋಗಿಯ ಎಸಿ ಅಂದ್ರೆ ಒಳಗಿನ ಬಿಸಿಯನ್ನು ಸುರಂಗಕ್ಕೆ ಸುರಿಯೋದೇ ಅಲ್ವಾ, ಹಾಗಾಗಿ ಎಯ್‌ದಾನ್ ರೈಲಿನ ಬದಲು ಸುರಂಗವನ್ನೂ ಸ್ಟೇಷನ್ನುಗಳನ್ನೂ ತಂಪು ಮಾಡ್ತಿತ್ತು. ಬೋಗಿಗಳಿಗೆ ಎಸಿ ಬರೋಕೆ ಶುರುವಾಗಿದ್ದು 1988ರಲ್ಲಿ.

ರೈಲಿನ ಮೈ ಅಲ್ಯೂಮಿನಿಯಂ, ಮೇಲೆ ಹಸಿರು ಪಟ್ಟಿ. ಮುಖದಲ್ಲಿ ಬಾಗಿಲು ನಡುವೆ ಇಲ್ಲ, ಒಂದು ಪಕ್ಕಕ್ಕೆ ಸರಿದಿದೆ. ಅನಾಹುತವಾದರೆ ಅದು ಮುಂದಕ್ಕೆ ಬಿದ್ದು ಮೆಟ್ಟಿಲಾಗುತ್ತೆ, ಜನ ಹಳಿಯ ಮೇಲೆ ಇಳಿದು ಹೋಗಬಹುದು. ಮೊದಮೊದಲ ಬೋಗಿಗಳ ನಡುವೆ ಅಣಬೆ ಆಕಾರದ ಅಗಲವಾದ ದಾರಿ ಇತ್ತು, ಬಾಗಿಲೇ ಇರಲಿಲ್ಲ. 1972ರಲ್ಲಿ ಇದಕ್ಕೆ ಜಪಾನಿನ ರೈಲು ಅಭಿಮಾನಿಗಳ ಸಂಘದ ಲಾರೆಲ್ ಪ್ರಶಸ್ತಿ ಬಂತು. 1978ರಿಂದ ಓದಾಕ್ಯು ಕಂಪನಿಯ ಲೈನಿನ ಮೇಲೂ ಓಡಿತು. ಕೊನೆಗೆ ಒಟ್ಟು 353 ಬೋಗಿಗಳಾದವು: ಹತ್ತು ಬೋಗಿಯ 35 ರೈಲುಗಳು, ಜೊತೆಗೆ ಆ ಮೂರು ಬೋಗಿಯ ಹಿರಿಯಣ್ಣ.

ಹಿರಿಯಣ್ಣನ ಕಥೆ ಕೇಳಿ. ಪ್ರಯೋಗ ಮುಗಿದ ಮೇಲೆ ಗುಜರಿಗೆ ಹೋಗಬೇಕಾದ ರೈಲು ಅದು. 1979ರಲ್ಲಿ ಅಯಾಸೆಯಿಂದ ಕಿತಾ-ಅಯಾಸೆಗೆ ಒಂದೇ ಸ್ಟೇಷನ್ನಿನ ಪುಟ್ಟ ಕವಲು ಶುರುವಾಯ್ತು, ಅಲ್ಲಿಗೆ ಮೂರು ಬೋಗಿ ಸಾಕಿತ್ತು. ಅತ್ತಿಂದಿತ್ತ ಓಡಾಡಿಕೊಂಡು ಅದು 2014ರವರೆಗೆ ದುಡಿಯಿತು. ಉಳಿದವುಗಳಲ್ಲಿ ಹಲವಕ್ಕೆ ಮಧ್ಯದಲ್ಲಿ ಚಾಪರ್ ಕಿತ್ತು ವಿವಿವಿಎಫ್ ಇನ್ವರ್ಟರ್, ಇಂಡಕ್ಷನ್ ಮೋಟರ್ ಹಾಕಿದರು. ಮೈ ಗಟ್ಟಿಯಿತ್ತು, ಕರುಳು ಮಾತ್ರ ಬದಲಾಯ್ತು. ಬೆಂಗಳೂರಿನ ನೇರಳೆ, ಹಸಿರು ಲೈನಿನ ಮೊದಲ ರೈಲುಗಳಲ್ಲಿರೋದೂ ಇನ್ವರ್ಟರ್ ಮತ್ತು ಇಂಡಕ್ಷನ್ ಮೋಟರ್. ಆ ಉಪಕರಣ ಕೊಟ್ಟ ಮಿತ್ಸುಬಿಷಿ ಎಲೆಕ್ಟ್ರಿಕ್, 6000ದ ಚಾಪರ್ ಮಾಡಿದ ಕಂಪನಿಗಳಲ್ಲೂ ಒಂದು. ಮೆಟ್ರೋ ಹೊರಡುವಾಗ ಕಿವಿಗೊಟ್ಟು ಕೇಳಿ, ಇನ್ವರ್ಟರಿನ ಸ್ವರ ಬದಲಾಗುತ್ತಾ ಹೋಗುತ್ತೆ. ಚಾಪರ್ ರೈಲು ಹಾಗಲ್ಲ, ತಂಬೂರಿ ಥರ ಒಂದೇ ಶ್ರುತಿ.

2010ರಿಂದ ಹೊಸ 16000 ಸೀರೀಸ್ ಬರತೊಡಗಿತು. 2018ರ ಅಕ್ಟೋಬರ್ 5ಕ್ಕೆ 6000ದ ದಿನನಿತ್ಯದ ಓಡಾಟ ನಿಂತಿತು, ಅಭಿಮಾನಿಗಳಿಗಾಗಿ ಓಡಿಸಿದ ವಿಶೇಷ ರೈಲುಗಳು ನವೆಂಬರ್ 11ಕ್ಕೆ ಮುಗಿದವು. ಆದರೆ ಬಹಳಷ್ಟು ಬೋಗಿಗಳು ಅಷ್ಟೊತ್ತಿಗೆ ಹಡಗು ಹತ್ತಿ ಜಕಾರ್ತಾಕ್ಕೆ ಹೋಗಿದ್ದವು. ಅಲ್ಲಿಯೂ ಹಳಿಯ ಅಗಲ 1067 ಮಿಲಿಮೀಟರ್, ಲೈನ್ 1500 ವೋಲ್ಟ್ ಡಿಸಿ, ಹಾಗಾಗಿ ಮೋಟರಿಗೂ ಚಕ್ರಕ್ಕೂ ಕೈ ಹಾಕೋ ಅಗತ್ಯ ಬರಲಿಲ್ಲ. ಹತ್ತು ಬೋಗಿಯನ್ನು ಮೊದಲು ಎಂಟಕ್ಕೆ ಇಳಿಸಿದರು. ಪ್ಲಾಟ್‌ಫಾರ್ಮ್ ತಗ್ಗಿರೋ ಕಡೆಗೆ ಅಂತ ಬಾಗಿಲ ಕೆಳಗೆ ಮೆಟ್ಟಿಲು, ಕಲ್ಲೆಸೆತಕ್ಕೆ ಮುಂದಿನ ಗಾಜಿನ ಮೇಲೆ ತಂತಿ ಬಲೆ. ಚಿಯೋದಾ ಸುರಂಗ ಹಂಚಿಕೊಂಡಿದ್ದ 203 ಸೀರೀಸ್ ಕೂಡ 2011ರಲ್ಲಿ ಅಲ್ಲಿಗೇ ಬಂದು ಸೇರಿತು. ಈ ಸಲ ಎರಡೂ ಓಡಿದ್ದು ಬಯಲಿನಲ್ಲಿ, ಸಮಭಾಜಕದ ಬಿಸಿಲಿನಲ್ಲಿ, ಎಸಿ ಹಾಕಿಕೊಂಡು.