ದಿಡ್ಡಿ ಬಾಗಿಲನ್ನು ಮೊದಲು ನೋಡಿ

ಓದು ಮುಗಿಸಿ, ಕೆಲಸ ಹಿಡಿದು, ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮೊದಲ ಸಲ ಬಾಡಿಗೆ ಮನೆ ಮಾಡಿರುವ ಮಕ್ಕಳೇ, ಹಾಲು ಉಕ್ಕಿಸಿದ್ದಾಯಿತು, ವೈ-ಫೈ ಹಾಕಿಸಿದ್ದಾಯಿತು, ಫ್ರಿಜ್ಜೂ ಬಂತು. ಇನ್ನೊಂದು ಕೆಲಸ ಉಳಿದಿದೆ. ಮನೆಗೆ ಒಂದು ಸುತ್ತು ಬಂದು ಬಾಗಿಲು ಕಿಟಕಿಗಳನ್ನು ಕಳ್ಳನ ಕಣ್ಣಿನಿಂದ ನೋಡಬೇಕು. ಊರಿನ ಮನೆಯಲ್ಲಿ ಈ ಕೆಲಸ ಹಿರಿಯರದಾಗಿತ್ತು. ಮಲಗುವ ಮುಂಚೆ ಹಿತ್ತಲ ಬಾಗಿಲಿನ ಅಗಳಿ ತಳ್ಳಿ, ಒಮ್ಮೆ ಅಲುಗಾಡಿಸಿ ನೋಡಿ, ಆಮೇಲೆ ದೀಪ ಆರಿಸುತ್ತಿದ್ದರು. ಈಗ ನೀವಿರುವ ಮನೆಗೆ ನೀವೇ ಹಿರಿಯರು.

ಕಳ್ಳನೆಂದರೆ ಗಾಜು ಕೊರೆದು, ಹಗ್ಗ ಬಿಟ್ಟು ಇಳಿಯುವವನು ಎಂಬ ಕಲ್ಪನೆಯನ್ನು ಸಿನಿಮಾಗಳು ನಮ್ಮ ತಲೆಯಲ್ಲಿ ತುಂಬಿವೆ. ಆದರೆ ನಿಜವಾದ ಕಳ್ಳನಿಗೆ ಬೇಕಾದದ್ದು ಎರಡೇ: ಸದ್ದಾಗಬಾರದು, ತಡವಾಗಬಾರದು. ಬಾಗಿಲು ಒಡೆಯಲು ಹೊರಟರೆ ಎರಡೂ ಕೆಡುತ್ತವೆ. ಆದ್ದರಿಂದ ಒಡೆಯುವ ಯೋಚನೆಗೆ ಮೊದಲು, ನೀವು ಹಾಕದೆ ಬಿಟ್ಟದ್ದು ಯಾವುದು ಎಂದು ಹುಡುಕುತ್ತಾನೆ.

ಈ ವಿಷಯ ಶೂದ್ರಕನಿಗೆ ಚೆನ್ನಾಗಿ ಗೊತ್ತಿತ್ತು. ಅವನ ‘ಮೃಚ್ಛಕಟಿಕ’ ನಾಟಕದ ಮೂರನೆಯ ಅಂಕದಲ್ಲಿ ಶರ್ವಿಲಕ ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಬಂದವನೇ ಗೋಡೆ ಅಗೆಯಲು ಕೂರುವುದಿಲ್ಲ. ಎಲ್ಲಿ ಮೆತ್ತಗಿದೆ ಎಂದು ತಡವಿ ನೋಡುತ್ತಾನೆ. ಮನೆಯವರು ದಿನವೂ ಸೂರ್ಯನಿಗೆ ನೀರು ಬಿಟ್ಟು ಬಿಟ್ಟು ನೆನೆದು ಸವೆದ ಜಾಗ ಸಿಗುತ್ತದೆ. ಜನಿವಾರದಲ್ಲೇ ಅಳತೆ ಹಿಡಿದು ಕೊರೆಯುತ್ತಾನೆ. ಒಳಗೆ ಹೋದ ಮೇಲೆ ಚಾರುದತ್ತನ ಗೆಳೆಯ, ನಿದ್ದೆಗಣ್ಣಿನ ಮೈತ್ರೇಯ, ಇವನೇ ಚಾರುದತ್ತನೆಂದುಕೊಂಡು ಒಡವೆಯ ಪೆಟ್ಟಿಗೆಯನ್ನು ತಾನಾಗಿಯೇ ಅವನ ಕೈಗಿಡುತ್ತಾನೆ! ನಗು ಬರುವ ದೃಶ್ಯವೇ. ಆದರೆ ಅದರೊಳಗಿನ ಲೆಕ್ಕ ಖಚಿತವಾಗಿದೆ: ಗೋಡೆಯನ್ನು ಮೆತ್ತಗೆ ಮಾಡಿಟ್ಟದ್ದು ಮನೆಯವರ ರೂಢಿ. ಇವತ್ತಿಗೂ ಕಳ್ಳ ಬರುವ ದಾರಿಯನ್ನು ಸವೆಸುವುದು ನಮ್ಮ ರೂಢಿಗಳೇ.

ಮುಂಬಾಗಿಲಿನಿಂದ ಶುರುಮಾಡಿ. ಚಪ್ಪಲಿ ಸ್ಟ್ಯಾಂಡು, ಹೂಕುಂಡದ ಬುಡ, ಮೀಟರ್ ಬಾಕ್ಸಿನ ಮೇಲ್ಭಾಗ, ಕಾಲೊರೆಸಿನ ಅಡಿ: ಕೀಲಿಕೈ ಬಚ್ಚಿಡಲು ನಿಮಗೆ ಹೊಳೆಯುವ ಜಾಗಗಳೆಲ್ಲ ಕಳ್ಳನಿಗೂ ಹೊಳೆಯುತ್ತವೆ. ನೀವು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರುವವನು. ಕೀಲಿ ಕೊಡುವುದೇ ಆದರೆ ನಂಬಿಕೆಯ ನೆರೆಯವರ ಕೈಗೆ ಕೊಡಿ. ನಿಮಗಿಂತ ಮುಂಚೆ ಆ ಮನೆಯಲ್ಲಿದ್ದವರು ಎಷ್ಟು ನಕಲಿ ಕೀಲಿ ಮಾಡಿಸಿದ್ದರೋ, ಅವು ಯಾರ ಯಾರ ಕೈಯಲ್ಲಿವೆಯೋ ಮನೆ ಮಾಲೀಕರಿಗೂ ತಿಳಿದಿರಲಾರದು. ಅವರಿಗೆ ಹೇಳಿ, ಬಂದ ವಾರದಲ್ಲೇ ಬೀಗ ಬದಲಿಸಿ. ಒಳಬೀಗವಾದರೆ ಅದರ ಸಿಲಿಂಡರ್ ಒಂದನ್ನೇ ಬದಲಿಸಿದರೂ ಸಾಕು.

ಬೀಗಕ್ಕಿಂತ ಕೊಂಡಿಯ ಮೇಲೆ ಕಣ್ಣಿಡಿ. ಸಾವಿರಾರು ರೂಪಾಯಿಯ ಬೀಗ ತಂದು, ಅರ್ಧ ಇಂಚಿನ ಸ್ಕ್ರೂ ಹೊಡೆದ ತಗಡಿನ ಕೊಂಡಿಗೆ ತೂಗುಹಾಕಿದರೆ ಕಳ್ಳ ಬೀಗವನ್ನು ಮುಟ್ಟುವುದೇ ಇಲ್ಲ. ಕೊಂಡಿಯ ಸಂದಿಗೆ ಕಬ್ಬಿಣದ ರಾಡು ಕೊಟ್ಟು ಮೀಟಿದರೆ ಬೀಗದ ಸಮೇತ ಕಿತ್ತು ಬರುತ್ತದೆ. ಬಾಗಿಲ ಹಲಗೆಯನ್ನು ಹಾಯ್ದು ಒಳಗಡೆ ನಟ್ ಬಿಗಿಯುವ ಬೋಲ್ಟ್ ಹಾಕಿಸಿ. ತೂಗುಬೀಗಕ್ಕೆ ಇನ್ನೊಂದು ದೋಷವಿದೆ: ಮನೆಯಲ್ಲಿ ಯಾರೂ ಇಲ್ಲ ಎಂದು ಬೀದಿಗೆಲ್ಲ ಸಾರುತ್ತದೆ. ಬಾಗಿಲೊಳಗೇ ಹುದುಗಿದ ಬೀಗ ಈ ಗುಟ್ಟು ಬಿಡುವುದಿಲ್ಲ.

ಮುಂಬಾಗಿಲಿಗೆ ಇಷ್ಟು ಮಾಡಿದವರೂ ಹಿಂಭಾಗವನ್ನು ಮರೆಯುತ್ತಾರೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನಿಮ್ಮ ಮನೆಯ ದಿಡ್ಡಿ ಬಾಗಿಲು ಯಾವುದು? ಪಾತ್ರೆ ತೊಳೆಯುವ ಯುಟಿಲಿಟಿಯ ಬಾಗಿಲೇ? ಬಚ್ಚಲುಮನೆಯ ವೆಂಟಿಲೇಟರೇ? ಅದರ ಗಾಜಿನ ಪಟ್ಟಿಗಳನ್ನು ಹೊರಗಿನಿಂದ ಒಂದೊಂದಾಗಿ ಸದ್ದಿಲ್ಲದೆ ಜಾರಿಸಿ ತೆಗೆಯಬಹುದು. ಅಲ್ಲಿಗೆ ಸರಳು ಬೇಕೇ ಬೇಕು. ಬಾಲ್ಕನಿಯ ಜಾರುಬಾಗಿಲಿನ ಕೊಕ್ಕೆ ಎಷ್ಟೋ ಕಡೆ ಹೆಸರಿಗಷ್ಟೇ ಇರುತ್ತದೆ. ಹಳಿಯ ಅಳತೆಗೆ ಸರಿಯಾಗಿ ಒಂದು ಕೋಲು ಕತ್ತರಿಸಿ ಒಳಗಡೆ ಹಳಿಯಲ್ಲಿಟ್ಟರೆ ಬಾಗಿಲು ಜಾರುವುದಿಲ್ಲ, ಖರ್ಚು ಕಾಸಿನಷ್ಟು. ಮೂರನೇ ಮಹಡಿಯಲ್ಲಿದ್ದೇವೆ ಎಂಬ ಧೈರ್ಯವೂ ಬೇಡ. ನೀರಿನ ಪೈಪು, ಸಜ್ಜಾ, ಏಣಿಯಂಥ ಗ್ರಿಲ್ಲು ಎಲ್ಲವೂ ಮೇಲಕ್ಕೆ ದಾರಿಯೇ. ನಮ್ಮ ಹಳೆಯ ಬಡಾವಣೆಗಳಲ್ಲಂತೂ ಮನೆಗೆ ಮನೆ ಅಂಟಿರುತ್ತದೆ. ಒಂದು ತಾರಸಿ ಹತ್ತಿದವನು ನಾಲ್ಕು ತಾರಸಿ ದಾಟಬಲ್ಲ. ಬಟ್ಟೆ ಒಣಹಾಕಿ ಬಂದವರು ತಾರಸಿ ಬಾಗಿಲನ್ನು ಬರಿದೇ ಮುಂದೂಡಿದರೆ ಅವನಿಗೆ ಅಷ್ಟೇ ಸಾಕು. ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ಹೆಂಚು ಸರಿಸಿ ಇಳಿಯುವುದು ಹಳೆಯ ವಿದ್ಯೆ. ಅಲ್ಲಿ ಮಾಡಿಗೆ ಒರಗಿಸಿಟ್ಟ ಏಣಿಯನ್ನು ಒಳಗೆ ತಂದಿಡುವುದೇ ಮೊದಲ ಕಾವಲು.

ಕಳ್ಳ ಒಳಗೆ ಕಾಲಿಡದೆಯೂ ಕದಿಯಬಲ್ಲ. ಸೆಕೆಗೆಂದು ಕಿಟಕಿ ತೆರೆದು, ಪಕ್ಕದ ಟೇಬಲ್ಲಿನ ಮೇಲೆ ಮೊಬೈಲ್ ಚಾರ್ಜಿಗಿಟ್ಟು ಮಲಗಿದರೆ ಸರಳಿನ ಸಂದಿಯಲ್ಲಿ ಕೈಯೋ ಕೊಕ್ಕೆ ಕಟ್ಟಿದ ಕೋಲೋ ಬಂದು ಹೋಗಲು ಅರೆನಿಮಿಷ ಸಾಕು. ಚಿಲಕಕ್ಕೆ ಕೈ ಎಟುಕುವಂತಿದ್ದರೆ ಬಾಗಿಲೂ ಹಾಗೆಯೇ ತೆರೆದುಕೊಳ್ಳುತ್ತದೆ. ಕಿಟಕಿಯಿಂದ ಒಂದು ಮಾರು ದೂರದೊಳಗೆ ಬೆಲೆಬಾಳುವುದು ಏನೂ ಇರದಿರಲಿ. ಪಿಜಿಗಳಲ್ಲಿ ಇರುವವರೇ, ಸ್ನಾನಕ್ಕೆ ಹೋಗುವ ಹತ್ತು ನಿಮಿಷಕ್ಕೂ ಕೋಣೆಗೆ ಬೀಗ ಹಾಕಿ. ಲ್ಯಾಪ್‌ಟಾಪುಗಳು ಹೋಗುವುದು ಬೆಳಗಿನ ಆ ಗಡಿಬಿಡಿಯಲ್ಲೇ.

ನಿಮ್ಮ ದಿನಚರಿಯನ್ನೂ ಕಳ್ಳ ಓದುತ್ತಾನೆ. ಬಾಗಿಲ ಮುಂದೆ ರಾಶಿಬಿದ್ದ ಪತ್ರಿಕೆ, ಎತ್ತಿಕೊಳ್ಳದ ಹಾಲಿನ ಪ್ಯಾಕೆಟ್ಟು, ಹಬ್ಬದ ದಿನವೂ ರಂಗೋಲಿಯಿಲ್ಲದ ಅಂಗಳ, ಹಗಲಲ್ಲೂ ಉರಿಯುವ ಹೊರಗಿನ ದೀಪ, ಇವೆಲ್ಲ ಅವನಿಗೆ ಸುದ್ದಿ. ಊರಿಗೆ ಹೊರಟಾಗ ಹಾಲು, ಪೇಪರ್ ನಿಲ್ಲಿಸಿ. ನೆರೆಯವರಿಗೂ ಬೀಟ್ ಪೊಲೀಸರಿಗೂ ತಿಳಿಸಿ. ಪ್ರವಾಸದ ಫೋಟೋಗಳನ್ನು ತಿರುಗಿ ಬಂದ ಮೇಲೆ ಹಾಕಿ. ಗೋವಾದ ಸಮುದ್ರ ನಾಲ್ಕು ದಿನ ತಡವಾಗಿ ಕಂಡರೆ ಯಾರಿಗೂ ನಷ್ಟವಿಲ್ಲ. ಹಾಡಹಗಲೇ ಒಡವೆಗೆ ಪಾಲಿಶ್ ಹಾಕಿಕೊಡುತ್ತೇವೆ ಎಂದು ಬರುವವರನ್ನು ಹೊಸಿಲಿನಾಚೆಯೇ ನಿಲ್ಲಿಸಿ ಕಳಿಸಿ.

ಕಾನೂನಿನ ಮಾತು ಒಂದಿಷ್ಟು ತಿಳಿದಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಂ, ಮನೆಗೆ ಕನ್ನ ಹಾಕುವುದೆಂದರೇನು ಎಂದು ಉದಾಹರಣೆ ಕೊಟ್ಟು ಹೇಳುತ್ತದೆ. ಗೋಡೆಗೆ ಕಿಂಡಿ ಕೊರೆದು ನುಗ್ಗುವುದು, ಕಿಟಕಿಯಿಂದ ನುಗ್ಗುವುದು, ಬಾಗಿಲ ತೂತಿನಲ್ಲಿ ತಂತಿ ತೂರಿಸಿ ಚಿಲಕ ಎತ್ತುವುದು, ಮಾಲೀಕ ಕಳೆದುಕೊಂಡ ಕೀಲಿ ಸಿಕ್ಕಿದಾಗ ಅದರಿಂದಲೇ ಬಾಗಿಲು ತೆಗೆಯುವುದು ಅವುಗಳಲ್ಲಿ ಸೇರಿವೆ. ಇವು 1860ರ ದಂಡ ಸಂಹಿತೆಯಿಂದಲೇ ಬಂದವು. ಸೂರ್ಯ ಮುಳುಗಿ ಹುಟ್ಟುವುದರೊಳಗೆ ಕಳ್ಳತನಕ್ಕೆಂದು ಹೀಗೆ ನುಗ್ಗಿದರೆ 14 ವರ್ಷದವರೆಗೂ ಸೆರೆವಾಸವಾಗಬಹುದು. ಕಿಟಕಿ ತೆರೆದೇ ಇತ್ತು ಎನ್ನುವುದರಿಂದ ಕಳ್ಳನ ತಪ್ಪು ಸಣ್ಣದಾಗುವುದಿಲ್ಲ. ಆದರೆ ವಿಮಾ ಪಾಲಿಸಿಯ ಲೆಕ್ಕ ಬೇರೆ. ಬಲಪ್ರಯೋಗದಿಂದ ಒಳಬಂದ ಗುರುತಿದ್ದರೆ ಮಾತ್ರ ಪರಿಹಾರ ಎಂಬ ಷರತ್ತು ಅನೇಕ ಪಾಲಿಸಿಗಳಲ್ಲಿರುತ್ತದೆ. ಬೀಗ ಹಾಕದ ಬಾಗಿಲಿನಿಂದ ಹೋದ ಒಡವೆಗೆ ಅಲ್ಲಿ ದುಡ್ಡು ಹುಟ್ಟದೆ ಹೋಗಬಹುದು. ಸಹಿ ಹಾಕುವ ಮುನ್ನ ಆ ಸಾಲನ್ನು ಓದಿ.

ಎಚ್ಚರ ಹೆಚ್ಚಾಗಿ ಸಂಶಯದ ರೋಗವಾಗಬಾರದು. ಕಳ್ಳತನವಾದ ಕೂಡಲೇ ಕೆಲಸದವಳ ಮೇಲೆ, ಪಕ್ಕದ ಕಟ್ಟಡದ ಕೂಲಿಯವರ ಮೇಲೆ, ಯಾವುದೋ ಜಾತಿಯ ಮೇಲೆ ಬೆರಳು ತೋರಿಸುವ ಚಾಳಿ ನಮ್ಮಲ್ಲಿದೆ. 1871ರಲ್ಲಿ ಬ್ರಿಟಿಷರು ಕಾಯಿದೆ ಮಾಡಿ ಅನೇಕ ಸಮುದಾಯಗಳಿಗೆ ಹುಟ್ಟಾ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿದರು. 1952ರಲ್ಲಿ ಆ ಕಾಯಿದೆ ಹೋಯಿತು. ಜನರ ಬಾಯಲ್ಲಿ ಅದಿನ್ನೂ ಪೂರ್ತಿ ಹೋಗಿಲ್ಲ. ಸಾಕ್ಷಿಯಿಲ್ಲದೆ ಒಬ್ಬರನ್ನು ಕಳ್ಳರೆಂದರೆ ಅವರ ಅನ್ನ, ಮಾನ ಎರಡನ್ನೂ ನೀವು ಕದ್ದ ಹಾಗೆ.

ಭಯದಿಂದ ಮನೆಯನ್ನು ಪಂಜರ ಮಾಡಿಕೊಳ್ಳಲೂಬೇಡಿ. ಎಲ್ಲ ಕಿಟಕಿಗೂ ಗ್ರಿಲ್ಲು ಬೆಸೆದುಬಿಟ್ಟರೆ ಬೆಂಕಿ ಬಿದ್ದ ದಿನ ಹೊರಬರಲು ದಾರಿಯಿರುವುದಿಲ್ಲ. ಒಂದು ಗ್ರಿಲ್ಲಾದರೂ ಒಳಗಿನಿಂದ ತೆರೆಯುವಂತಿರಲಿ. ಅದರ ಕೀಲಿ ಮನೆಯವರಿಗೆಲ್ಲ ತಿಳಿದ ಜಾಗದಲ್ಲಿ, ಹೊರಗಿನವರ ಕೈಗೆ ಎಟುಕದಂತೆ ಇರಲಿ.

ಮನೆಗೆ ಬಂದಾಗ ಬಾಗಿಲು ಮುರಿದಿದ್ದರೆ ಒಳಗೆ ಹೋಗಬೇಡಿ. ಅವನಿನ್ನೂ ಒಳಗೇ ಇರಬಹುದು. ಹೊರಗೇ ನಿಂತು 112ಕ್ಕೆ ಕರೆ ಮಾಡಿ. ಪೊಲೀಸರು ಬರುವ ತನಕ ಬೀರು, ಚಿಲಕ ಯಾವುದನ್ನೂ ಮುಟ್ಟಬೇಡಿ, ಬೆರಳಗುರುತು ಅಳಿಸಿಹೋಗುತ್ತದೆ. ರಾತ್ರಿ ಸದ್ದಾಗಿ ಎಚ್ಚರವಾದರೆ ಕೋಣೆಯ ಬಾಗಿಲು ಹಾಕಿಕೊಂಡು ದೀಪ ಹಾಕಿ, ಕೂಗಿ, ಫೋನ್ ಮಾಡಿ. ಎದುರು ಹೋಗಿ ಶೌರ್ಯ ತೋರಿಸುವುದು ಬೇಡ. ಒಡವೆ ಮತ್ತೆ ಮಾಡಿಸಬಹುದು.

ಕೊನೆಗೆ ಕೇಳುವುದು ಇಷ್ಟೇ. ದುಬಾರಿ ಕ್ಯಾಮೆರಾ ಹಾಕಿಸಲು ಶಕ್ತಿಯಿದ್ದರೆ ಹಾಕಿಸಿ, ಇಲ್ಲದಿದ್ದರೂ ಚಿಂತೆಯಿಲ್ಲ. ಕ್ಯಾಮೆರಾ ಕಳ್ಳನ ಮುಖ ತೋರಿಸೀತು, ಹಾಕದೆ ಬಿಟ್ಟ ಚಿಲಕವನ್ನು ಹಾಕಲಾರದು. ಮಲಗುವ ಮುಂಚೆ ಮೊಬೈಲನ್ನು ಚಾರ್ಜಿಗೆ ಹಾಕುವುದನ್ನು ನೀವು ಯಾರೂ ಮರೆಯುವುದಿಲ್ಲವಲ್ಲ, ಅದಕ್ಕೂ ಮೊದಲು ಮನೆಗೆ ಒಂದು ಸುತ್ತು ಬನ್ನಿ. ಹಿಂದಿನ ಬಾಗಿಲಿನಿಂದ ಶುರುಮಾಡಿ, ಮುಂದಿನದರಲ್ಲಿ ಮುಗಿಸಿ. ಇವತ್ತು ರಾತ್ರಿಯಿಂದಲೇ.